ಅಂಗಳದ ಪಾಚಿಗೆ ಪ್ರೆಷರ್ ವಾಷರ್: ಬಳಸುವ ಕ್ರಮ, ವಹಿಸಬೇಕಾದ ಎಚ್ಚರ

ಕರಾವಳಿ ಮತ್ತು ಮಲೆನಾಡಿನ ಮನೆಗಳಲ್ಲಿ ಮಳೆಗಾಲ ಮುಗಿಯುವಷ್ಟರಲ್ಲಿ ಅಂಗಳದ ಸಿಮೆಂಟು, ಇಂಟರ್‌ಲಾಕ್ ಮತ್ತು ಕಾಂಪೌಂಡ್ ಗೋಡೆಯ ಮೇಲೆಲ್ಲ ಪಾಚಿ ಹಬ್ಬಿ, ಕಾಲಿಟ್ಟಲ್ಲಿ ಜಾರುತ್ತದೆ. ಕಡ್ಡಿಪೊರಕೆ ಹಿಡಿದು ದಿನಗಟ್ಟಲೆ ತಿಕ್ಕುತ್ತಿದ್ದ ಈ ಕೆಲಸವನ್ನು ಪ್ರೆಷರ್ ವಾಷರ್ ಬಹಳ ಬೇಗ ಮುಗಿಸುತ್ತದೆ ಎಂಬುದು ನಿಜ. ಆದರೆ ಇದನ್ನು ಜೋರಾಗಿ ನೀರು ಬಿಡುವ ಪೈಪು ಎಂದಷ್ಟೇ ತಿಳಿಯುವುದರಿಂದಲೇ ಅಪಾಯ ಆರಂಭವಾಗುತ್ತದೆ. ನಲ್ಲಿಯ ನೀರಿನ ಒತ್ತಡ ಸಾಮಾನ್ಯವಾಗಿ ಎರಡು ಮೂರು ಬಾರ್ ಇದ್ದರೆ, ಮನೆಬಳಕೆಯ ಯಂತ್ರಗಳು 100ರಿಂದ 130 ಬಾರ್ ಒತ್ತಡದಲ್ಲಿ ನೀರು ಹಾಯಿಸುತ್ತವೆ. ಆ ಧಾರೆ ಹತ್ತಿರದಿಂದ ಬಿದ್ದರೆ ಚರ್ಮವನ್ನೂ ತೂರಿ ಒಳಗೆ ಹೋಗಬಲ್ಲದು.

ಮೊದಲು ನೋಡಬೇಕಾದದ್ದು ವಿದ್ಯುತ್ ಸಂಪರ್ಕವನ್ನು. ಒದ್ದೆ ನೆಲದ ಮೇಲೆ ನಿಂತು ನಡೆಸುವ ಯಂತ್ರವಾದ್ದರಿಂದ ಅರ್ಥಿಂಗ್ ಸರಿಯಾಗಿರುವ 16 ಆಂಪಿಯರ್ ಸಾಕೆಟ್‌ಗೇ ಪ್ಲಗ್ ಹಾಕಬೇಕು ಮತ್ತು ಆ ಲೈನಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದೊಡನೆ ಸಂಪರ್ಕ ಕಡಿಯುವ ಸಾಧನ, ಇರಬೇಕು. ಎಂಸಿಬಿ ಇದೆಯಲ್ಲ ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಅದು ಓವರ್‌ಲೋಡ್ ಮತ್ತು ಶಾರ್ಟ್ ಸರ್ಕ್ಯೂಟ್‌ಗೆ ಬೀಳುತ್ತದೆಯೇ ಹೊರತು ಮೈಗೆ ಹರಿಯುವ ಸಣ್ಣ ಕರೆಂಟಿಗೆ ಬೀಳುವುದಿಲ್ಲ. ಎಕ್ಸ್‌ಟೆನ್ಷನ್ ಬೇಕೇ ಬೇಕೆಂದಾದರೆ ದಪ್ಪ ತಂತಿಯದ್ದನ್ನು ಸುರುಳಿ ಪೂರ್ತಿ ಬಿಚ್ಚಿ ಬಳಸಬೇಕು. ಸುತ್ತಿಟ್ಟ ತಂತಿ ಬಿಸಿಯಾಗುತ್ತದೆ. ಅದರ ಜೋಡಣೆಯ ಜಾಗ ನೆಲದಿಂದ ಮೇಲೆ, ನೀರು ತಾಗದಂತೆ ಇರಲಿ. ಹವಾಯಿ ಚಪ್ಪಲಿಯ ಬದಲು ಗಂಬೂಟು, ಕಣ್ಣಿಗೆ ಕನ್ನಡಕ ಧರಿಸಬೇಕು, ಏಕೆಂದರೆ ಧಾರೆಗೆ ಸಿಕ್ಕ ಜಲ್ಲಿಯ ಚೂರು ಮುಖದತ್ತಲೇ ಸಿಡಿಯಬಹುದು.

ಚಾಲನೆಗೆ ಒಂದು ಕ್ರಮವಿದೆ. ಪೈಪುಗಳನ್ನು ಜೋಡಿಸಿ, ನಲ್ಲಿ ತಿರುಗಿಸಿ, ಮೋಟಾರು ಹಾಕುವ ಮೊದಲೇ ಗನ್ನಿನ ಟ್ರಿಗರ್ ಒತ್ತಿ ಹಿಡಿಯಬೇಕು. ಒಳಗಿನ ಗಾಳಿಯೆಲ್ಲ ಹೊರಬಿದ್ದು ನೀರು ಒಂದೇ ಸಮನೆ ಹರಿಯತೊಡಗಿದ ಮೇಲಷ್ಟೇ ಸ್ವಿಚ್ ಹಾಕಬೇಕು. ನೀರಿಲ್ಲದೆ ಓಡಿದ ಪಂಪು ಬೇಗನೆ ಕೆಡುತ್ತದೆ. ತಾರಸಿಯ ಟ್ಯಾಂಕಿನಿಂದ ನೀರು ಕೊಡುವವರು ಗಮನಿಸಬೇಕಾದ ಸಂಗತಿಯೆಂದರೆ, ಟ್ಯಾಂಕು 10 ಮೀಟರ್ ಎತ್ತರದಲ್ಲಿದ್ದರೂ ಸಿಗುವ ಒತ್ತಡ ಸುಮಾರು ಒಂದು ಬಾರ್ ಮಾತ್ರ. ಅಷ್ಟು ಸಾಕೇ ಎಂಬುದನ್ನು ಯಂತ್ರದ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಬೆಂಗಳೂರಿನಲ್ಲಿ ಜಲಮಂಡಳಿಯು 2024ರ ಮಾರ್ಚ್‌ನಲ್ಲಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಪಡಿಸಿದ್ದುದನ್ನು ನೆನೆದರೆ, ಸಂಪಿನಲ್ಲಿ ಹಿಡಿದಿಟ್ಟ ಮಳೆನೀರೇ ಇಂಥ ಕೆಲಸಕ್ಕೆ ಸೂಕ್ತ.

ಇನ್ನು ನಾಜಲ್, ಅಂದರೆ ಗನ್ನಿನ ತುದಿಗೆ ಸಿಕ್ಕಿಸುವ ಮೂತಿಯ ಆಯ್ಕೆ. ಬಣ್ಣದ ನಾಜಲ್‌ಗಳು ಬಂದಿದ್ದರೆ ಸಾಮಾನ್ಯವಾಗಿ ಕೆಂಪು ಸೊನ್ನೆ ಡಿಗ್ರಿಯದು, ಹಳದಿ 15, ಹಸಿರು 25, ಬಿಳಿ 40 ಡಿಗ್ರಿಯದು. ಕಪ್ಪು ಸೋಪು ನೀರಿಗೆ. ಕೋನ ಹೆಚ್ಚಿದಂತೆ ಧಾರೆ ಬೀಸಣಿಗೆಯಂತೆ ಹರಡಿ ಮೆತ್ತಗಾಗುತ್ತದೆ. ಕೆಂಪು ನಾಜಲ್‌ಗೆ ಮನೆಯಲ್ಲಿ ಕೆಲಸವೇ ಇಲ್ಲ. ಅದನ್ನು ಕಪಾಟಿನಲ್ಲೇ ಇಟ್ಟುಬಿಡುವುದು ಲೇಸು. ಬಿಳಿಯದರಿಂದ ಆರಂಭಿಸಿ, ಎರಡಡಿ ದೂರದಿಂದ, ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ ಮೊದಲು ಪರೀಕ್ಷಿಸಿ, ಪಾಚಿ ಬಿಡದಿದ್ದರೆ ಮಾತ್ರ ಸ್ವಲ್ಪ ಸ್ವಲ್ಪವೇ ಹತ್ತಿರ ಸರಿಯಬೇಕು. ಮುರಕಲ್ಲಿನ ಗೋಡೆ ಮೃದುವಾದ್ದರಿಂದ ಹತ್ತಿರದ ಧಾರೆಗೆ ಪುಡಿಪುಡಿಯಾಗಿ ಉದುರುತ್ತದೆ. ಇಂಟರ್‌ಲಾಕ್ ಮೇಲೆ ನೇರವಾಗಿ ಬಿಟ್ಟರೆ ಸಂದಿನ ಮರಳು ಎದ್ದುಹೋಗುವುದರಿಂದ ಓರೆಯಾಗಿ ಹಾಯಿಸಿ, ನೆಲ ಒಣಗಿದ ಬಳಿಕ ಮರಳು ತುಂಬಬೇಕು. ಮಂಗಳೂರು ಹೆಂಚಿನ ಮಾಡಿಗಂತೂ ಇದನ್ನು ಬಳಸದಿರುವುದೇ ಒಳ್ಳೆಯದು; ಕೆಳಗಿನಿಂದ ಮೇಲ್ಮುಖವಾಗಿ ಹಾಯಿಸಿದ ನೀರು ಹೆಂಚಿನಡಿಗೆ ನುಗ್ಗುತ್ತದೆ, ಮೇಲೆ ಹತ್ತಿದವರು ಜಾರುತ್ತಾರೆ. ಏಣಿಯ ಮೇಲೆ ನಿಂತು ಬಳಸುವುದೂ ಸಲ್ಲದು, ಟ್ರಿಗರ್ ಒತ್ತಿದೊಡನೆ ಗನ್ನು ಹಿಂದಕ್ಕೆ ತಳ್ಳುತ್ತದೆ.

ಮೀಟರ್ ಪೆಟ್ಟಿಗೆ, ಸ್ವಿಚ್ ಬೋರ್ಡು, ಎಸಿಯ ಹೊರಘಟಕ, ಬೈಕಿನ ಬೇರಿಂಗುಗಳತ್ತ ಧಾರೆ ತಿರುಗಬಾರದು. ಬ್ಲೀಚಿಂಗ್ ಪುಡಿಯ ನೀರನ್ನು ಯಂತ್ರದೊಳಗೆ ಹಾಕಬಾರದು. ಅದನ್ನು ಆಸಿಡ್ ಜೊತೆ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ.

ಆಟಕ್ಕೂ ಗನ್ನನ್ನು ಮನುಷ್ಯರತ್ತ, ನಾಯಿಯತ್ತ ಹಿಡಿಯಬಾರದು. ಮಕ್ಕಳು ಕೆಲಸದ ಜಾಗದಿಂದ ದೂರವಿರಲಿ. ಆಕಸ್ಮಿಕವಾಗಿ ಧಾರೆ ಕೈಕಾಲಿಗೆ ತೂರಿದರೆ, ಗಾಯ ಸಣ್ಣ ಚುಕ್ಕೆಯಷ್ಟೇ ಕಂಡರೂ, ಮೊದಮೊದಲು ನೋವು ಕಡಿಮೆಯಿದ್ದರೂ, ನೀರಿನೊಂದಿಗೆ ಕೊಳೆ ಆಳಕ್ಕೆ ಹೊಕ್ಕಿರುವ ಸಾಧ್ಯತೆ ಇರುತ್ತದೆ. ಅರಿಶಿನ ಮೆತ್ತಿ ಕಾಯುತ್ತ ಕೂರದೆ, ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಕೂಡಲೇ ಹೋಗಿ, ಹೆಚ್ಚಿನ ಒತ್ತಡದ ನೀರು ಒಳಹೊಕ್ಕಿದೆ ಎಂದು ವೈದ್ಯರಿಗೆ ಸ್ಪಷ್ಟವಾಗಿ ತಿಳಿಸಬೇಕು.

ಕೆಲಸ ಮುಗಿದಾಗ ಮೊದಲು ಸ್ವಿಚ್ ಆರಿಸಿ, ನಲ್ಲಿ ನಿಲ್ಲಿಸಿ, ಪೈಪಿನಲ್ಲಿ ಉಳಿದ ಒತ್ತಡ ಇಳಿಯುವವರೆಗೆ ಟ್ರಿಗರ್ ಒತ್ತಿ, ಅನಂತರ ಅದರ ಲಾಕ್ ಹಾಕಿ, ಒಣಗಿದ ಕೈಯಿಂದ ಪ್ಲಗ್ ಕೀಳಬೇಕು. ಈ ಒತ್ತಡ ಇಳಿಸದೆ ಪೈಪು ಬಿಚ್ಚಹೊರಟವರಿಗೆ ಅದು ಕೈತಪ್ಪಿ ಬಡಿಯಬಹುದು. ಫಿಲ್ಟರ್‌ನಲ್ಲಿ ಸೇರಿದ ಮರಳನ್ನು ತೊಳೆದು, ಪೈಪನ್ನು ಮಡಿಕೆ ಬೀಳದಂತೆ ಸುತ್ತಿಡಬೇಕು. ಮುಂದಿನ ಬಾರಿ ತೆಗೆಯುವಾಗ ಅದರಲ್ಲಿ ಉಬ್ಬು ಅಥವಾ ಬಿರುಕು ಕಂಡರೆ ಟೇಪು ಸುತ್ತಿ ಸರಿದೂಗಿಸದೆ ಹೊಸ ಪೈಪನ್ನೇ ತರಬೇಕು.