ಭದ್ರತಾ ಅನುದಾನ ಮಂಜೂರಾಯ್ತು, ಜನರೇಟರ್ ತರೋಣ ಅನ್ನುವ ಮೊದಲು

ಅಗ್ನಿಶಾಮಕ ಠಾಣೆಯ ಹಿಂದೆ ಹೊಸ ಕಾಂಕ್ರೀಟ್ ಕಟ್ಟೆ, ಅದರ ಮೇಲೆ ಹೊಚ್ಚ ಹೊಸ ಜನರೇಟರ್. ನೋಡೋಕೆ ಚೆಂದ. ಆದರೆ ಕಟ್ಟೆಗೆ ಮಣ್ಣು ಅಗೆದದ್ದು ಪರಿಸರ ಒಪ್ಪಿಗೆ ಬರುವುದಕ್ಕೆ ಮೂರು ವಾರ ಮೊದಲು. ಅನುದಾನದಿಂದ ಒಂದು ಡಾಲರೂ ಸಿಗಲಿಲ್ಲ, ಬಿಲ್ಲು ಪೂರ್ತಿ ನಗರದ ತಲೆಗೇ ಬಂತು. ಕ್ಯಾಲಿಫೋರ್ನಿಯಾದಲ್ಲಿ ಅನುದಾನದ ಲೆಕ್ಕ ನೋಡುವ ನಾನು ಇಂಥ ಎಡವಟ್ಟನ್ನು ಒಂದಕ್ಕಿಂತ ಹೆಚ್ಚು ಊರಲ್ಲಿ ಕಂಡಿದ್ದೇನೆ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ನಗರ ಸಮಿತಿಗಳಲ್ಲಿ ಈಗ ನಮ್ಮವರೂ ಕೂರುತ್ತಾರಲ್ವಾ, ಅವರಿಗೆ ಉಪಯೋಗವಾಗಲಿ ಅಂತ ಈ ಬರಹ.

ಮೊದಲು ದುಡ್ಡು ಬರುವ ದಾರಿ. ದೊಡ್ಡ ನಗರಗಳ ಸುತ್ತಲಿನ ಪ್ರದೇಶಕ್ಕೆ ಭಯೋತ್ಪಾದನೆ ತಡೆಯಲು ಅಮೆರಿಕ 2003ರಿಂದ ಕೊಡುತ್ತಿರುವ ಅನುದಾನ ಇದು. ಹೆಸರು ಯುಎಎಸ್‌ಐ, ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ‘ಯುವಾಸಿ’. ಅಮೆರಿಕದ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾದಿಂದ ರಾಜ್ಯದ ತುರ್ತು ಸೇವಾ ಕಚೇರಿಗೆ, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋಗೆ, ಆಮೇಲೆ ನಿಮ್ಮೂರಿಗೆ. ರಾಜ್ಯ ಕನಿಷ್ಠ ಶೇ 80ರಷ್ಟನ್ನು ಕೆಳಕ್ಕೆ ಇಳಿಸಲೇಬೇಕು. 12 ಕೌಂಟಿಗಳ (ನಮ್ಮ ಜಿಲ್ಲೆಗಳ ಥರದವು) ಪರವಾಗಿ ಸ್ಯಾನ್ ಫ್ರಾನ್ಸಿಸ್ಕೋ ಲೆಕ್ಕ ಇಡುತ್ತದೆ. ಅಂದರೆ ಇದು ಕೂಡು ಕುಟುಂಬದ ದುಡ್ಡು. ಹಿರಿಯಣ್ಣನನ್ನು ಕೇಳದೆ ಪೆಟ್ಟಿಗೆಗೆ ಕೈ ಹಾಕುವಂತಿಲ್ಲ.

ಹಂತ 1: ನಗರ ಕೌನ್ಸಿಲ್ ಠರಾವು. ‘ಅನುದಾನ ಸ್ವೀಕರಿಸಿದ್ದೇವೆ’ ಅಂತ ಮಾತ್ರ ಬರೆದರೆ ಸಾಲದು, ಅದನ್ನು ಬಜೆಟ್ಟಿಗೆ ಸೇರಿಸಿ ಖರ್ಚಿಗೆ ಅಧಿಕಾರ ಕೊಟ್ಟಿದ್ದೇವೆ ಅಂತಲೂ ಇರಲಿ. ಸಹಿ ಹಾಕುವವರ ಹೆಸರು ಬೇಡ, ಹುದ್ದೆ ಬರೆಯಿರಿ. ನಗರದ ಮ್ಯಾನೇಜರ್ ಕೆಲಸ ಬಿಟ್ಟರೆ ಮತ್ತೆ ಠರಾವು ಮಾಡುವ ತಾಪತ್ರಯ ತಪ್ಪುತ್ತದೆ. ಕಾರ್ಯಸೂಚಿ 72 ಗಂಟೆ ಮೊದಲೇ ಜನರಿಗೆ ಸಿಗಬೇಕು. ಪೊಲೀಸರಿಗೆ ಡ್ರೋನ್, ಕವಚದ ವಾಹನ ಬೇಕೇ? ಕ್ಯಾಲಿಫೋರ್ನಿಯಾದ 2021ರ ಎಬಿ 481 ಕಾಯ್ದೆ ಪ್ರಕಾರ ಅರ್ಜಿ ಹಾಕುವ ಮೊದಲೇ ಬಹಿರಂಗ ಸಭೆಯಲ್ಲಿ ಕೌನ್ಸಿಲ್ ಒಪ್ಪಿಗೆ ಬೇಕು.

ಹಂತ 2: ಪ್ರತ್ಯೇಕ ಲೆಕ್ಕದ ಕೋಡ್ ತೆರೆಯಿರಿ. ಅಷ್ಟೇ.

ಹಂತ 3: ಕೊಳ್ಳುವ ಮುಂಚಿನ ಒಪ್ಪಿಗೆಗಳು. ಎಲ್ಲರೂ ಜಾರಿ ಬೀಳುವುದು ಇಲ್ಲೇ, ನಿಧಾನಕ್ಕೆ ಓದಿ. ಫೆಮಾ ಹತ್ತಿರ ಮಾನ್ಯ ಸಲಕರಣೆಗಳ ಪಟ್ಟಿ ಇದೆ. ಪ್ರತಿ ವಸ್ತುವಿಗೂ ಒಂದು ಸಂಖ್ಯೆ. ಕೈಯಲ್ಲಿ ಹಿಡಿಯುವ ರೇಡಿಯೋ ಅಂದರೆ 06ಸಿಪಿ-01-ಪೋರ್ಟ್. ಖರೀದಿ ಚೀಟಿಯ ಮೇಲೆ ಈ ಸಂಖ್ಯೆ ಬರೆಯದೆ ಮುಂದೆ ಕಳಿಸಬೇಡಿ.

ಇನ್ನು ಪರಿಸರ ಮತ್ತು ಪಾರಂಪರಿಕ ಪರಿಶೀಲನೆ. ರೇಡಿಯೋಗೆ ಇದು ಬೇಕಿಲ್ಲ. ಗಾಡಿಗೆ ಕಟ್ಟಿ ಎಳೆಯುವ ಜನರೇಟರಿಗೂ ಬೇಕಿಲ್ಲ. ಅದೇ ಜನರೇಟರನ್ನು ಕಟ್ಟೆ ಹಾಕಿ ಕೂರಿಸಿದರೆ ಬೇಕು. ಗೋಡೆಗೆ ತೂತು ಕೊರೆದು ಕ್ಯಾಮೆರಾ ಹಾಕಿದರೂ ಬೇಕು. ಈ ಪರಿಶೀಲನೆಯ ಫಾರಂ ಜೊತೆ ಜಾಗದ ಬಣ್ಣದ ಫೋಟೋ, ಅಗೆಯುವ ಗುಂಡಿಯ ಉದ್ದ, ಅಗಲ, ಆಳ, ಕಟ್ಟಡ ಕಟ್ಟಿದ ವರ್ಷ ಕೊಡಿ. ಕಟ್ಟಡಕ್ಕೆ 50 ವರ್ಷ ದಾಟಿದ್ದರೆ ತಿಂಗಳುಗಟ್ಟಲೆ ಕಾಯುವ ತಯಾರಿ ಇರಲಿ. ‘ಸುಮ್ನೆ ಗುಂಡಿ ಮಾತ್ರ ತೋಡಿಟ್ಟುಕೊಳ್ತೀವಿ ಸಾರ್’ ಅಂತ ಗುತ್ತಿಗೆದಾರರು ಕೇಳುತ್ತಾರೆ. ಬೇಡ. ಆ ಗುಂಡಿಯೇ ಅನುದಾನವನ್ನು ನುಂಗುವುದು. ನನ್ನ ಕೇಳಿದರೆ, ಎಳೆಯುವ ಜನರೇಟರನ್ನೇ ತನ್ನಿ.

ಇಲ್ಲೇ ಇನ್ನೊಂದು ಮಾತು. ಬಜೆಟ್ಟಿನಲ್ಲಿ ಆಗಲೇ ಇರುವ ಸಂಬಳವನ್ನು ಈ ದುಡ್ಡಿಗೆ ತಳ್ಳಿ, ಉಳಿದದ್ದನ್ನು ಪಾರ್ಕಿಗೆ ಬಳಸುವ ಜಾಣತನ ನಡೆಯುವುದಿಲ್ಲ. ಇದ್ದ ಖರ್ಚಿನ ಮೇಲೆ ಹೊಸದಾಗಿ ಸೇರುವುದಕ್ಕೆ ಮಾತ್ರ ಈ ಹಣ.

ಹಂತ 4: ಖರೀದಿ. ಮೂರು ಕಡೆ ದರ ಕೇಳಿ. ‘ಬೇರೆ ಯಾರೂ ಮಾರೋದಿಲ್ಲ’ ಅನ್ನುವ ಒಬ್ಬನೇ ಮಾರಾಟಗಾರನ ಕಥೆಯನ್ನು ಆಡಿಟರ್ ನಂಬುವುದಿಲ್ಲ. ಡಬ್ಬದ ಮೇಲೆ ‘ಅನುದಾನಕ್ಕೆ ಅರ್ಹ’ ಅಂತ ಸ್ಟಿಕರ್ ಅಂಟಿಸಿ ಮಾರುವವರನ್ನು ದೂರವಿಡಿ, ಅರ್ಹತೆ ಹೇಳುವುದು ಫೆಮಾ. ಚೀನಾ ಕಂಪನಿಗಳಾದ ಹಿಕ್‌ವಿಷನ್, ದಾಹುವಾ ಕ್ಯಾಮೆರಾ ಅಗ್ಗ ಇರಬಹುದು. ಆದರೆ ಅವಕ್ಕೂ ಚೀನಾದ್ದೇ ಆದ ಹೈಟೆರಾ ರೇಡಿಯೋಗೂ 2020ರ ಆಗಸ್ಟ್‌ನಿಂದ ಅನುದಾನದ ದುಡ್ಡು ಹಾಕುವಂತಿಲ್ಲ.

ಹಂತ 5: ವಸೂಲಿ. ನಗರ ಮೊದಲು ಕೈಯಿಂದ ಕೊಡುತ್ತದೆ, ಆಮೇಲೆ ಕೇಳಿ ಪಡೆಯುತ್ತದೆ. ಖರೀದಿ ಆದೇಶ, ಮಾಲು ಬಂದ ಚೀಟಿ, ಇನ್‌ವಾಯ್ಸ್, ಹಣ ಕಟ್ಟಿದ ಪುರಾವೆ, ನಾಲ್ಕೂ ಬೇಕು. ಮಾಲು ಬಂದ ಚೀಟಿಯನ್ನು ಗೋದಾಮಿನವರು ಡಬ್ಬದ ಜೊತೆ ಕಸಕ್ಕೆ ಎಸೆಯುತ್ತಾರೆ, ಅವರಿಗೆ ಮೊದಲೇ ಹೇಳಿಡಿ. ಫೆಮಾ ಕೊಟ್ಟ ಅವಧಿ ಇದೆಯಲ್ಲ ಅಂತ ಆರಾಮಾಗಿ ಕೂರಬೇಡಿ. ದುಡ್ಡು ಮೇಲಿಂದ ಇಳಿದು ಬರುವಷ್ಟರಲ್ಲಿ ಅದರಲ್ಲಿ ಬೇಕಾದಷ್ಟು ಸವೆದಿರುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ಜೊತೆಗಿನ ಒಪ್ಪಂದದಲ್ಲಿರುವ ಕೊನೆಯ ದಿನವನ್ನೇ ನೋಡಿ.

ಹಂತ 6: ಎಣಿಕೆ. ಎರಡು ವರ್ಷಕ್ಕೊಮ್ಮೆಯಾದರೂ ಸಲಕರಣೆಗಳನ್ನು ಕಣ್ಣಾರೆ ನೋಡಿ ಲೆಕ್ಕ ಹಾಕಬೇಕು. ನಂಬರಿನ ಸ್ಟಿಕರನ್ನು ರೇಡಿಯೋದ ಮೈಮೇಲೆ ಅಂಟಿಸಿ. ಬ್ಯಾಟರಿ ಮೇಲೆ ಅಂಟಿಸಿದರೆ, ಬ್ಯಾಟರಿ ಬದಲಿಸಿದ ದಿನ ಸ್ಟಿಕರೂ ಬೇರೆ ರೇಡಿಯೋಗೆ ಹೊರಟುಹೋಗುತ್ತದೆ.