ಒಬ್ಬರೇ ಆಡುವ ಮಾಜಾಂಗ್: ಯಾವ ಜೋಡಿ ತೆಗೆಯಬೇಕು, ಯಾವುದನ್ನು ಬಿಡಬೇಕು

ಚೀನಾದ ಮೂಲ ಮಾಜಾಂಗ್ ನಾಲ್ವರು ಮೇಜಿನ ಸುತ್ತ ಕೂತು, ಸಾಮಾನ್ಯವಾಗಿ ತಲಾ 13 ಬಿಲ್ಲೆ ಇಟ್ಟುಕೊಂಡು ಆಡುವ ಆಟ. ಬ್ರೌಸರ್‌ನಲ್ಲಿ ಒಬ್ಬರೇ ಆಡುವ ಮಾಜಾಂಗ್ ಸಾಲಿಟೇರ್ ಅದರಿಂದ ಪಡೆದಿರುವುದು ಬಿಲ್ಲೆಗಳನ್ನು ಮಾತ್ರ. ಬ್ರೋಡಿ ಲಾಕಾರ್ಡ್ 1981ರಲ್ಲಿ ಪ್ಲೇಟೋ ಎಂಬ ಕಂಪ್ಯೂಟರ್ ವ್ಯವಸ್ಥೆಗಾಗಿ ಇದನ್ನು ಬರೆದರು. 1986ರಲ್ಲಿ ಆಕ್ಟಿವಿಷನ್ ಕಂಪನಿ ಇದನ್ನೇ ‘ಶಾಂಘೈ’ ಎಂಬ ಹೆಸರಿನಲ್ಲಿ ಮಾರಿತು. ಮೂಲ ಆಟ ಗೊತ್ತಿಲ್ಲದಿದ್ದರೆ ಏನೂ ನಷ್ಟವಿಲ್ಲ.

ನಿಯಮ ಒಂದೇ: ಒಂದೇ ಬಗೆಯ ಎರಡು ತೆರೆದ ಬಿಲ್ಲೆಗಳನ್ನು ಒತ್ತಿದರೆ ಎರಡೂ ಮಾಯವಾಗುತ್ತವೆ. 144 ಬಿಲ್ಲೆ, ಅಂದರೆ 72 ಜೋಡಿ ಖಾಲಿಯಾದರೆ ಗೆಲುವು. ‘ತೆರೆದ’ ಎನ್ನಿಸಿಕೊಳ್ಳಲು ಬಿಲ್ಲೆಯ ಮೇಲೆ ಬೇರೊಂದು ಕೂತಿರಬಾರದು, ಕಾಲು ಭಾಗ ಮುಚ್ಚಿದ್ದರೂ ಅದು ಮುಚ್ಚಿದಂತೆಯೇ. ಜೊತೆಗೆ ಎಡ ಅಥವಾ ಬಲ, ಯಾವುದಾದರೂ ಒಂದು ಪಕ್ಕ ಖಾಲಿ ಇರಬೇಕು. ಅದೇ ಪದರದಲ್ಲಿ ಹಿಂದೆ ಮುಂದೆ ಏನಿದ್ದರೂ ಲೆಕ್ಕಕ್ಕಿಲ್ಲ.

ಮೊದಲು ಬಿಲ್ಲೆಗಳ ಗುರುತು ಹಿಡಿಯಬೇಕು. ವೃತ್ತ, ಬಿದಿರು, ಅಕ್ಷರ ಎಂಬ ಮೂರು ಸರಣಿಗಳಲ್ಲಿ 1ರಿಂದ 9ರವರೆಗೆ ಪ್ರತಿಯೊಂದೂ ನಾಲ್ಕು ಇರುತ್ತದೆ, ಒಟ್ಟು 108. ನಾಲ್ಕು ದಿಕ್ಕಿನ ಗಾಳಿಗಳು ತಲಾ ನಾಲ್ಕರಂತೆ 16, ಕೆಂಪು, ಹಸಿರು, ಬಿಳಿ ಡ್ರ್ಯಾಗನ್‌ಗಳು 12. ಉಳಿದ ಎಂಟರಲ್ಲಿ ನಾಲ್ಕು ಹೂಗಳು, ನಾಲ್ಕು ಋತುಗಳು. ಇವು ಮಾತ್ರ ತಲಾ ಒಂದೊಂದೇ ಇರುವುದರಿಂದ ಯಾವ ಹೂವಿಗಾದರೂ ಇನ್ನಾವ ಹೂವನ್ನಾದರೂ ಜೋಡಿಸಬಹುದು, ಋತುಗಳಿಗೂ ಹಾಗೆಯೇ. ಆದರೆ ಹೂವು ಮತ್ತು ಋತು ಸೇರುವುದಿಲ್ಲ.

ಹೊಸಬರು ಎಡವುವುದು ಇಲ್ಲಿ. ಹಕ್ಕಿಯ ಚಿತ್ರವಿದ್ದರೆ ಅದು ಬಿದಿರಿನ 1, ಹೂವಲ್ಲ. ಹೂಗಳ ಗುಂಪಿನಲ್ಲೂ ಒಂದು ಬಿದಿರು ಗಿಡ ಇರುತ್ತದೆ; ಅದನ್ನು ಬಿದಿರಿನ ಸರಣಿಗೆ ಸೇರಿಸಬೇಡಿ. ಖಾಲಿ ಬಿಲ್ಲೆ ಅಥವಾ ಬರಿಯ ಚೌಕಟ್ಟು ಕಂಡರೆ ಅದು ಬಿಳಿ ಡ್ರ್ಯಾಗನ್, ಪುಟ ಪೂರ್ತಿ ತೆರೆದಿಲ್ಲವೆಂದು ಅನುಮಾನ ಪಡಬೇಕಿಲ್ಲ. ಅಕ್ಷರ ಸರಣಿಯ 6 ಮತ್ತು 8 ಎರಡಕ್ಕೂ ಕೆಳಗೆ ಎರಡು ಕಾಲುಗಳಿವೆ, 6ಕ್ಕೆ ಮಾತ್ರ ತಲೆಯ ಮೇಲೆ ಅಡ್ಡಗೆರೆ ಮತ್ತು ಚುಕ್ಕೆ. ಇಷ್ಟು ಕಷ್ಟ ಬೇಡವೆಂದರೆ ಸೆಟ್ಟಿಂಗ್ಸ್‌ನಲ್ಲಿ ಮೂಲೆಗೆ ಅಂಕಿ ಮುದ್ರಿಸಿದ ಬಿಲ್ಲೆಗಳಿವೆಯೇ ನೋಡಿ. ತೆರೆದ ಬಿಲ್ಲೆಗಳನ್ನು ಬೆಳಗಿಸಿ ತೋರಿಸುವ ಆಯ್ಕೆಯಿದ್ದರೆ ಮೊದಲ ಕೆಲವು ಆಟಗಳಿಗೆ ಅದೂ ಇರಲಿ.

ಸಾಮಾನ್ಯ ಜೋಡಣೆಯಾದ ಆಮೆಯಲ್ಲಿ ಐದು ಪದರಗಳು: ಕೆಳಗಿನಿಂದ 87, 36, 16, 4, ತುದಿಯಲ್ಲಿ 1. ಆ ತುದಿಯ ಒಂದೇ ಬಿಲ್ಲೆ ನಾಲ್ಕನ್ನು ಅದುಮಿ ಕೂತಿರುತ್ತದೆ. ಎಡತುದಿಯ ಒಂಟಿ ಬಿಲ್ಲೆ ನಡುವಿನ ಎರಡು ಉದ್ದ ಸಾಲುಗಳ ಎಡಬಾಗಿಲನ್ನು ಮುಚ್ಚಿದೆ. ಬಲತುದಿಯಲ್ಲಿ ಒಂದರ ಪಕ್ಕ ಒಂದು, ಎರಡಿವೆ. ಎರಡೂ ಹೋದ ಮೇಲಷ್ಟೇ ಅತ್ತ ದಾರಿ. ಆಟ ಶುರುವಾದೊಡನೆ ತುದಿಯ ಒಂದು, ಎಡದ ಒಂದು, ಬಲದ ಎರಡು, ಈ ನಾಲ್ಕರ ಜೊತೆಗಾರರನ್ನು ಹುಡುಕಿ. ಅಂಚಿನಲ್ಲಿ ಸುಲಭವಾಗಿ ಸಿಗುವ ಜೋಡಿಗಳನ್ನೇ ಬಾಚುತ್ತ ಹೋದರೆ ಬೇಗ ಮುಂದುವರಿದಂತೆ ಅನ್ನಿಸುತ್ತದೆ, ಕೊನೆಗೆ ನಡುವಿನ ಗೋಪುರ ಮಾತ್ರ ನಿಂತಿರುತ್ತದೆ. ಕೊನೆಯ ಎರಡು ಬಿಲ್ಲೆ ಒಂದರ ಮೇಲೊಂದು ಉಳಿದರೆ ಶಫಲ್ ಬಟನ್ ಒತ್ತಿ ಬಿಲ್ಲೆಗಳನ್ನು ಕಲಸಿದರೂ ಅದೇ ಜಾಗದಲ್ಲಿ ಮುಖ ಬದಲಾಗುವುದಷ್ಟೇ.

ಆಟದ ತಿರುಳು ಇರುವುದು ಮೂರರ ಲೆಕ್ಕದಲ್ಲಿ. ಒಂದೇ ಬಗೆಯ ನಾಲ್ಕೂ ತೆರೆದಿದ್ದರೆ ಕಣ್ಣು ಮುಚ್ಚಿ ತೆಗೆಯಿರಿ. ಎರಡು ಮೊದಲೇ ಹೋಗಿದ್ದು ಉಳಿದೆರಡು ತೆರೆದಿದ್ದರೂ ಹಾಗೆಯೇ. ಮೂರು ತೆರೆದಿದ್ದರೆ ಮಾತ್ರ ಕೈ ತಡೆಯಿರಿ: ಉಳಿಸುವ ಆ ಒಂದು, ಇನ್ನೂ ಕಾಣದ ನಾಲ್ಕನೆಯದಕ್ಕೆ ಜೋಡಿಯಾಗಬೇಕು. ಅದು ನಾಲ್ಕನೆಯದರ ಮೇಲೇ ಕೂತಿದ್ದರೆ ಎರಡೂ ಎಂದಿಗೂ ಹೊರಬರುವುದಿಲ್ಲ. ಆಟ ಅಲ್ಲಿಗೇ ಸತ್ತಿರುತ್ತದೆ, ನಿಮಗೆ ತಿಳಿಯುವುದು ಮೂವತ್ತು ಜೋಡಿ ಕಳೆದ ಮೇಲೆ. ಹಾಗಾಗಿ ಹೆಚ್ಚು ಬಿಲ್ಲೆಗಳಿಗೆ ಅಡ್ಡವಾಗಿರುವ ಎರಡನ್ನು ತೆಗೆದು, ಯಾರಿಗೂ ತೊಂದರೆ ಕೊಡದ ಅಂಚಿನದನ್ನು ಉಳಿಸಿ. ಎರಡೇ ತೆರೆದಿದ್ದು, ಅವನ್ನು ತೆಗೆದರೆ ಹೊಸದೇನೂ ತೆರೆಯದಿದ್ದರೆ ಅವಸರ ಬೇಡ. ಗೋಪುರದ ಬಿಲ್ಲೆಗಳಿಗೆ ಮುಂದೆ ಅವೇ ಜೊತೆಯಾಗಬಹುದು.

ಹಿಂಟ್ ಬಟನ್ ಸಾಮಾನ್ಯವಾಗಿ ಸಿಕ್ಕ ಜೋಡಿಯೊಂದನ್ನು ತೋರಿಸುತ್ತದೆ, ಒಳ್ಳೆಯ ಜೋಡಿಯನ್ನಲ್ಲ. ಅದನ್ನೇ ನಂಬಿ ಆಡಿದವರು ಮೂರರ ಬಲೆಗೆ ಬೀಳುವುದು ಖಚಿತ. ಅನ್‌ಡೂ ಹೆಚ್ಚು ಉಪಯೋಗಿ: ಸಿಕ್ಕಿಕೊಂಡಾಗ ಒಂದೆರಡು ಹೆಜ್ಜೆ ಹಿಂದೆ ಹೋಗಿ ಪ್ರಯೋಜನವಿಲ್ಲ, ಮೂರರಲ್ಲಿ ಎರಡನ್ನು ಆರಿಸಿದ ಆ ಕ್ಷಣದವರೆಗೂ ಹಿಂದಿರುಗಿ ಬೇರೆ ಎರಡನ್ನು ತೆಗೆಯಿರಿ. ಕೆಲವು ಗೇಮ್‌ಗಳಲ್ಲಿ ಹಿಂಟ್, ಶಫಲ್ ಬಳಸಿದರೆ ಅಂಕ ಕಳೆಯುತ್ತಾರೆ.

ಎಷ್ಟು ಜಾಣತನದಿಂದ ಆಡಿದರೂ ಸೋಲುವ ಹಂಚಿಕೆಗಳಿವೆ. ಬಿಲ್ಲೆಗಳನ್ನು ಸುಮ್ಮನೆ ಕಲಸಿ ಹರಡಿದಾಗ, ಅಡಿಯಲ್ಲಿರುವುದೆಲ್ಲ ಕಂಡರೂ ಬಿಡಿಸಲಾಗದ ಆಮೆಗಳು ನೂರಕ್ಕೆ ಸುಮಾರು 3. ಕೆಲವು ಗೇಮ್‌ಗಳು ಜೋಡಿ ಜೋಡಿಯಾಗಿ ಹಿಮ್ಮುಖವಾಗಿ ಪೇರಿಸಿ ಈ ತೊಂದರೆ ತಪ್ಪಿಸುತ್ತವೆ. ಹೊಸ ಆಟದ ಮೆನುವಿನಲ್ಲಿ ‘ಬಿಡಿಸಬಹುದಾದ’ ಎಂಬ ಅರ್ಥದ ಆಯ್ಕೆ ಇದ್ದರೆ ಅದನ್ನೇ ಒತ್ತಿ.