ಪುಣೆಯ ಕಲ್ಲಿನ ಕಿಡಿ, ಹುಡುಗರಿಗೆ ಹತ್ತಿದ ಕಾಡಿನ ಹುಚ್ಚು

ಟೆಂಟು, ಚಾಕು, ಹಗ್ಗ ಯಾವುದೂ ಕೆಲಸ ಮಾಡಲಿಲ್ಲ. ಪುಣೆಯ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಹುಡುಗರಿಗೆ ಗುಡ್ಡ ಕಾಡಿನ ಹುಚ್ಚು ಹತ್ತಿಸಿದ್ದು ಒಂದು ಕಲ್ಲು, ಲೋಹ ಉಜ್ಜುವ ಒಂದು ಹಳೆ ಅರ. ನಮ್ಮ ಟ್ರೆಕ್ಕಿಂಗ್ ಬಳಗದಲ್ಲಿ ಇದನ್ನು ಹೇಳಿದಾಗ ನಕ್ಕವರೇ ಜಾಸ್ತಿ. "ಹತ್ತು ರೂಪಾಯಿಗೆ ಲೈಟರ್ ಸಿಗ್ತದ, ನೀ ಯಾಕ ಕಲ್ಲು ಕುಟ್ಕೋತ ಕೂಡ್ತಿ ಮಾರಾಯ?" ಅಂದಿದ್ದ ಧಾರವಾಡದ ಗೆಳೆಯ. ಅದೇ ಗೆಳೆಯ ಮೊನ್ನೆ ಮಗನನ್ನು ಕರೆದುಕೊಂಡು ಬಂದು ನನ್ನ ಹತ್ತಿರ ಅರ ಕೇಳಿಕೊಂಡು ಹೋದ.

ಮೊದಲು ದುಡ್ಡು ನೀರಾದ ಕಥೆ. ಪವನಾ ಜಲಾಶಯದ ದಂಡೆಯ ಟೆಂಟ್ ಕ್ಯಾಂಪಿಗೆ ಕರೆದುಕೊಂಡು ಹೋದೆ, ತಲೆಗೆ ಸಾವಿರದ ಇನ್ನೂರೋ ಮುನ್ನೂರೋ ಬಿತ್ತು. ಹುಡುಗರು ಖುಷಿಪಟ್ಟರು, ಆದರೆ ಆ ಖುಷಿ ಸ್ಪೀಕರಿಗೆ ಮತ್ತು ಪನೀರ್ ಟಿಕ್ಕಾಕ್ಕೆ. ಮಳೆ ಹಿಡಿಯುವ ಮುಂಚೆ ಮಿಂಚುಹುಳ ನೋಡಲು ರಾಜಮಾಚಿಗೆ ಹೋದೆವು. ಹುಳಕ್ಕಿಂತ ಟಾರ್ಚೇ ಜಾಸ್ತಿ ಇದ್ದವು. ಆಮೇಲೆ ಫೆರೋ ರಾಡ್, ಗೀಚಿದರೆ ಕಿಡಿ ಉದುರಿಸುವ ಲೋಹದ ಕಡ್ಡಿ. ಎಲ್ಲರಿಗೂ ಒಂದೊಂದು ಅಂತ ಎರಡು ಸಾವಿರದ ಮೇಲೆ ಹೋಯಿತು. ಗೀಚಿದರು, ಹತ್ತಿ ಭಗ್ಗೆಂದು ಹೊತ್ತಿಕೊಂಡಿತು, ಹತ್ತು ನಿಮಿಷದಲ್ಲಿ ಎಲ್ಲರೂ ಮತ್ತೆ ಫೋನಿನೊಳಗೆ. ಅಷ್ಟು ಸುಲಭವಾಗಿ ಬೆಂಕಿ ಬಂದರೆ ಅವರಿಗೆ ಅದೂ ಲೈಟರೇ ಅಲ್ವಾ?

ಚಕಮಕಿ ಮಾಡೋಣ, ಅಂದರೆ ಕಲ್ಲಿಗೆ ಉಕ್ಕು ಬಡಿದು ಕಿಡಿ ಎಬ್ಬಿಸೋಣ ಅಂದಾಗ ಬಳಗದವರು ತೆಗೆದ ತಕರಾರು ಬೇರೆ. ಅದಕ್ಕೆ ಬಳಸುವ ಫ್ಲಿಂಟ್ ಕಲ್ಲು ಸುಣ್ಣಕಲ್ಲಿನ ನಾಡಿನದು, ಇಲ್ಲಿ ಬರೀ ಕರೀ ಬಸಾಲ್ಟು, ಕಲ್ಲು ಎಲ್ಲಿಂದ ತರುತ್ತೀ ಅಂತ. ಬಸಾಲ್ಟ್ ಅನ್ನೋದು ನಿಜ. ಆದರೆ ಸುಮಾರು 6.6 ಕೋಟಿ ವರ್ಷದ ಹಿಂದೆ ಈ ಲಾವಾ ಆರುವಾಗ ಗಾಳಿಗುಳ್ಳೆಗಳು ಉಳಿದವು, ಮುಂದೆ ನೀರಿನ ಜೊತೆ ಬಂದ ಸಿಲಿಕಾ ಅದರೊಳಗೆ ತುಂಬಿಕೊಂಡಿತು. ಅದೇ ಕ್ಯಾಲ್ಸೆಡೊನಿ. ಗಟ್ಟಿತನದಲ್ಲಿ ಫ್ಲಿಂಟಿಗೆ ಸಮ, ಒಡೆದರೆ ಅಂಚು ಬ್ಲೇಡಿನಷ್ಟು ಚೂಪು. ಹುಡುಕಲು ಗುಡ್ಡ ಅಗೆಯಬೇಕಾಗಿಲ್ಲ. ಪುಣೆಯಲ್ಲಿ ಎಲ್ಲಾದರೂ ಒಂದು ಕಟ್ಟಡಕ್ಕೆ ಪಾಯ ತೋಡುತ್ತಲೇ ಇರುತ್ತಾರೆ, ಆ ರಾಶಿಯ ಅಂಚಿನಲ್ಲಿ ವಾಚ್‌ಮನ್‌ಗೆ ಹೇಳಿ ಆರಿಸಿಕೊಂಡರೆ ಸಾಕು.

ಮೊದಲ ಭಾನುವಾರ ಬೆಂಕಿ ಮಾತೇ ಎತ್ತಲಿಲ್ಲ. ಗಾಜಿನ ಬಾಟಲಿ ಗೀಚುವ ಕಲ್ಲು ತನ್ನಿ ಅಂದೆ, ಅಷ್ಟೇ. ಎಲ್ಲರೂ ತಂದಿದ್ದು ಚಂದದ ಹರಳುಗಳು! ಸ್ಟಿಲ್‌ಬೈಟ್, ಅಪೊಫಿಲೈಟ್, ವಾಘೋಲಿ ಕಡೆಯ ಕ್ವಾರಿಗಳಲ್ಲಿ ಸಿಗುತ್ತವಲ್ಲ ಅಂಥವು. ನೋಡಲು ರಾಜ, ಗಾಜಿನ ಮುಂದೆ ಪುಡಿ. ಕೊನೆಗೆ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಮಂಕಾಗಿ ಮೇಣದ ಹಾಗೆ ಕಾಣುವ, ಯಾರೂ ಬಗ್ಗಿ ಎತ್ತದ ಕಲ್ಲೊಂದನ್ನು ತಂದಳು. ಬಾಟಲಿ ಕರ್ರೆಂದಿತು. ಅವತ್ತಿನಿಂದ ಎಲ್ಲರ ಜೇಬಿನಲ್ಲೂ ಕಲ್ಲು, ತಾಯಂದಿರಿಂದ ನನಗೆ ಬೈಗುಳ.

ಉಕ್ಕಿನ ವಿಷಯದಲ್ಲಿ ಸ್ವಲ್ಪ ಕೊಚ್ಚಿಕೊಳ್ಳುತ್ತೇನೆ, ಭೋಸರಿಯ ವರ್ಕ್‌ಶಾಪಿನಲ್ಲಿ ಅರ್ಧ ಆಯುಷ್ಯ ಕಳೆದವನು ನಾನು. ಕಿಡಿ ಕಲ್ಲಿನದಲ್ಲ, ಕಲ್ಲು ಕೆತ್ತಿ ಹಾರಿಸಿದ ಉಕ್ಕಿನ ಚೂರು ಗಾಳಿಯಲ್ಲಿ ಉರಿಯುವುದು. ಮೊಳೆ, ಸರಳು ಮೆತ್ತಗಿರುತ್ತವೆ, ಬರೀ ಸದ್ದು. ಹ್ಯಾಕ್ಸಾ ಬ್ಲೇಡು ನನಗೆ ಒಂದೆರಡು ಕಿಡಿಗಿಂತ ಜಾಸ್ತಿ ಕೊಟ್ಟಿಲ್ಲ. ಸವೆದ ಅರವೇ ಬೇಕು, ಅದರಲ್ಲಿ ಇಂಗಾಲ ಶೇಕಡಾ ಒಂದಕ್ಕಿಂತ ಮೇಲಿರುತ್ತದೆ. ಒಂದು ಅಂಚಿನ ಹಲ್ಲು ಮಾತ್ರ ಗ್ರೈಂಡ್ ಮಾಡಿ, ಕೈಗೆ ಬಿಸಿ ತಟ್ಟುವ ಮುಂಚೆಯೇ ನೀರಿಗೆ ಅದ್ದಿ. ಅಂಚು ನೀಲಿಯಾಯಿತೋ, ಹದ ಹೋಯಿತು. ಕನ್ನಡಕ ಹಾಕಿಸಿ, ಚಕ್ಕೆ ಕಣ್ಣಿಗೇ ಹಾರುತ್ತದೆ.

ಎರಡನೇ ವಾರ ಕತ್ತಲಾದ ಮೇಲೆ ಟೆರೇಸಿನಲ್ಲಿ ಸೇರಿದೆವು. ಈ ಕಿಡಿ ಮಂಕು ಕೆಂಪು, ಹಗಲಲ್ಲಿ ಕಾಣುವುದೇ ಇಲ್ಲ. ಹುಡುಗರು ಸರದಿಗೆ ಜಗಳ ಆಡಿದರು. ಬೆರಳ ಗಂಟು ತರಚಿಕೊಂಡರೂ ಬಿಡಲಿಲ್ಲ. ಬೆಂಕಿ ಯಾವಾಗ ಕಾಕಾ, ಯಾವಾಗ ಕಾಕಾ ಅಂತ ವಾರವಿಡೀ ಬೆನ್ನು ಬಿದ್ದರು. ಹೀಗೆ ಒಂದು ಬೆಂಕಿಯನ್ನು ಮೂರು ವಾರ ಎಳೆದಿದ್ದೇ ನನ್ನ ವಿಧಾನ.

ಕಿಡಿ ಬಿದ್ದ ಕೂಡಲೇ ಕೆಂಡವಾಗಲು ಸುಟ್ಟ ಬಟ್ಟೆ ಬೇಕು. ಹತ್ತಿ ಬಟ್ಟೆಯ ಚೂರನ್ನು ಶೂ ಪಾಲಿಶ್ ಡಬ್ಬಿಗೆ ತುಂಬಿ, ಮುಚ್ಚಳಕ್ಕೆ ಮೊಳೆಯಲ್ಲಿ ತೂತು ಹೊಡೆದು ಬೆಂಕಿಯ ಮೇಲಿಡುವುದು, ಹೊಗೆ ನಿಂತ ಮೇಲೆ ಪೂರ್ತಿ ಆರುವ ತನಕ ಮುಚ್ಚಳ ತೆಗೆಯಬಾರದು. ಆದರೆ ಈಗಿನ ಕೆಲವು ಬನಿಯನ್‌ಗಳಲ್ಲಿ ಹತ್ತಿ ಅಂತ ಬರೆದಿದ್ದರೂ ಪಾಲಿಯೆಸ್ಟರ್ ಸೇರಿರುತ್ತದೆ, ಕರಗಿ ಡಾಂಬರಾಗುತ್ತದೆ. ಅಪ್ಪನ ಹಳೆ ಪಂಚೆ ಅಪ್ಪಟ ಹತ್ತಿ, ಅದರಲ್ಲೇ ಗೆದ್ದೆ. ಮಳೆಗಾಲದ ತೇವದಲ್ಲೂ ಅದು ಚುರುಕಾಗಿರಲು ನಾನೊಂದು ಕೆಲಸ ಮಾಡುತ್ತೇನೆ, ಸದ್ಯಕ್ಕೆ ಅದು ನನ್ನ ಹತ್ತಿರವೇ ಇರಲಿ.

ಮೂರನೇ ವಾರ ತೆಂಗಿನ ನಾರಿನ ಗೂಡಿನೊಳಗೆ ಆ ಬಟ್ಟೆಯ ಕೆಂಡ ಇಟ್ಟು ಊದಿ, ಟೆರೇಸಿನ ಇದ್ದಿಲ ಒಲೆಯಲ್ಲೇ ಚಹಾ ಕಾಯಿಸಿದರು. ಹೊಗೆ ವಾಸನೆಯ ಚಹಾ, ಸಕ್ಕರೆಯೂ ಕಮ್ಮಿ. ಒಬ್ಬರೂ ಕಪ್ಪಿನಲ್ಲಿ ಬಿಡಲಿಲ್ಲ. ಊರ ಗುಡ್ಡಗಳಾದ ವೇತಾಳ ಟೇಕಡಿಯಲ್ಲೋ ತಳಜಾಯಿಯಲ್ಲೋ ಹಚ್ಚೋಣ ಅಂದರು, ಖಡಾಖಂಡಿತ ಬೇಡ ಅಂದೆ. ಕಾಯ್ದಿಟ್ಟ ಅರಣ್ಯದಲ್ಲಿ ಬೆಂಕಿ ಹಚ್ಚುವುದು 1927ರ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಅದೂ ಬಿಡಿ, ಮಾರ್ಚಿನಲ್ಲಿ ಆ ಹುಲ್ಲು ನೋಡಿದವರು ಕಡ್ಡಿ ಗೀರಲೂ ಹೆದರುತ್ತಾರೆ.

ಮುಂದಿನದ್ದು ನಾನು ಮಾಡಿಸಿದ್ದಲ್ಲ. ಕಲ್ಲು ಹುಡುಕುತ್ತಾ ಅವರೇ ಟೇಕಡಿ ಹತ್ತಿದರು, ಆಮೇಲೆ ಸಿಂಹಗಡದ ಬುಡ, ಪುರಂದರ. ಯಾವ ಹುಲ್ಲು ಬೇಗ ಹತ್ತುತ್ತದೆ, ಈ ಮರ ಯಾವುದು ಅಂತ ಕೇಳತೊಡಗಿದರು. ಒಬ್ಬನಿಗೆ ಬೆಂಕಿಗಿಂತ ಕಲ್ಲು ಸೀಳುವುದೇ ರುಚಿಸಿತು. ಶಿರೂರು ತಾಲೂಕಿನ ಇನಾಮ್‌ಗಾಂವ್‌ನಲ್ಲಿ ಡೆಕ್ಕನ್ ಕಾಲೇಜಿನ ಪುರಾತತ್ವದವರು ಅಗೆದಾಗ ಇದೇ ಕ್ಯಾಲ್ಸೆಡೊನಿಯ ಬ್ಲೇಡುಗಳು ಸಿಕ್ಕವು, ಮೂರು ಸಾವಿರ ವರ್ಷ ದಾಟಿದವು ಅಂದೆ. ಅವನು ಸೀಳಿದ ಚಕ್ಕೆಯಲ್ಲಿ ಟೊಮ್ಯಾಟೊ ನೀಟಾಗಿ ಹೆಚ್ಚಬಹುದು, ನಮ್ಮ ಮನೆಯ ಚಾಕುವಿಗಿಂತ ಮೇಲು.

ನಾನು ಈ ನಡುವೆ ಬೈನೆ ಮರದ ಎಲೆಬುಡದ ನಾರಿನ ಹಿಂದೆ ಬಿದ್ದಿದ್ದೇನೆ. ಗೋವಾಕ್ಕೆ ಹೋದಾಗ ಒಂದು ಚೀಲ ತಂದೆ. ಹಸಿಯಾಗಿದ್ದರೆ ಕಿಡಿ ಹಿಡಿಯುವುದೇ ಇಲ್ಲ, ಚೆನ್ನಾಗಿ ಒಣಗಿಸಿದರೆ ಐದರಲ್ಲಿ ಒಂದು ಸಲ ಹಿಡಿಯುತ್ತದೆ. ಬೂದಿ ನೀರಿನಲ್ಲಿ ನೆನೆಸಿ ನೋಡುತ್ತಿದ್ದೇನೆ.

ಖರ್ಚು ಕೇಳುವವರಿಗೆ: ಕಲ್ಲು ಪುಕ್ಕಟೆ, ಪಂಚೆ ಮನೆಯದು, ಎಲ್ಲ ಸೇರಿ ತಲೆಗೆ ಐವತ್ತು ಅರವತ್ತು ರೂಪಾಯಿ ಬಿದ್ದಿರಬೇಕು. ಅರ ಪುಣೆಯ ಹಳೆ ಸಾಮಾನಿನ ಸಂತೆ ಜೂನಾ ಬಾಜಾರಿನಲ್ಲಿ ಸಿಗುತ್ತದೆ, ಬುಧವಾರ ಇಲ್ಲ ಭಾನುವಾರ ಹೋಗಿ. ಮೊದಲು ಮೂವತ್ತಕ್ಕೆ ಕೊಡುತ್ತಿದ್ದವರು ಈಗ ನಮ್ಮ ಹುಡುಗರನ್ನು ಕಂಡ ಕೂಡಲೇ ಎಂಬತ್ತು ಹೇಳುತ್ತಾರೆ. ಐವತ್ತಕ್ಕಿಂತ ಮೇಲೆ ಕೊಡಬೇಡಿ.